‘ಆಮೋರ್ ಎತೆರ್ನೊ’ ಹಾಡಿನ ‘ನೀನು’ ಯಾರು? ಪ್ರೇಮಿಯೋ, ಅಮ್ಮನೋ?

ನದಿದಂಡೆ

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್ ಕಡೆ ಕೆಲಸದಲ್ಲಿದ್ದೇನೆ. ನಮ್ಮ ವಿಭಾಗದಲ್ಲಿ ಮೆಕ್ಸಿಕೊ ಮೂಲದವರು ಜಾಸ್ತಿ. ಅವರ ಬಾಯಲ್ಲಿ ಆಗಾಗ ಕೇಳುವ ಹಾಡು ‘ಆಮೋರ್ ಎತೆರ್ನೊ’, ಅಂದರೆ ಕೊನೆಯಿಲ್ಲದ ಪ್ರೀತಿ. ಬರೆದವರು ಮೆಕ್ಸಿಕೊದ ಹುವಾನ್ ಗಾಬ್ರಿಯೆಲ್. 1984ರಲ್ಲಿ ಅದನ್ನು ಹಾಡಿ ಮನೆಮಾತು ಮಾಡಿದವರು ಸ್ಪೇನಿನ ಗಾಯಕಿ ರೊಸಿಯೊ ದುರ್ಕಾಲ್.

ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೈ ತಪ್ಪಿದ ಪ್ರೀತಿಯ ಹಾಡು ಅಂತ ಒಬ್ಬರು. ಮೇ 10ಕ್ಕೆ, ಅಂದರೆ ಅಲ್ಲಿನ ತಾಯಂದಿರ ದಿನಕ್ಕೆ ಹಾಡುವುದು ಅಂತ ಇನ್ನೊಬ್ಬರು. ಮತ್ತೊಬ್ಬರು ಅವರ ಅಪ್ಪನನ್ನು ಮಣ್ಣು ಮಾಡುವಾಗ ಹಾಡಿಸಿದರಂತೆ. ನಾನು ಸಾಹಿತ್ಯವನ್ನು ಒಂದೊಂದೇ ಸಾಲು ಓದಿಕೊಂಡೆ. ಕಣ್ಣು, ಕನ್ನಡಿ, ನಿದ್ದೆ, ಸಮಾಧಿ, ಕೊನೆಗೆ ಅಕಾಪುಲ್ಕೊ ಅನ್ನುವ ಊರಿನ ಹೆಸರು. ‘ಅಮ್ಮ’ ಅನ್ನುವ ಮಾತು ಒಂದು ಕಡೆಯೂ ಇಲ್ಲ. ‘ನಲ್ಲ’, ‘ನಲ್ಲೆ’ ಅಂತಲೂ ಇಲ್ಲ. ಹಾಗಾದರೆ ಇದು ಯಾರಿಗೆ ಬರೆದ ಹಾಡು? ಇಷ್ಟು ದುಃಖದ ಮಧ್ಯೆ ಒಂದು ಕಡಲತೀರದ ಊರು ಯಾಕೆ ಬಂತು? ಗೊತ್ತಿರುವವರು ಬಿಡಿಸಿ ಹೇಳಿ.

ತಂತಿಮನೆ

ಮೊದಲು ಹಾಡಿನೊಳಗೆ ಏನಿದೆ ನೋಡೋಣ. ಬರೆದವರ ಬದುಕಿನ ವಿಷಯ ಆಮೇಲೆ ನೋಡಬಹುದು.

ಮೊದಲ ಚರಣದಲ್ಲಿ, ನನ್ನ ಕಣ್ಣಿನೊಳಗಿನ ದುಃಖವೇ ನೀನು, ಆ ಕಣ್ಣು ಸದ್ದಿಲ್ಲದೆ ಅಳುತ್ತಿದೆ ಅನ್ನುತ್ತಾರೆ. ಕನ್ನಡಿ ನೋಡಿಕೊಂಡರೆ ನೀನು ಹೋದ ಮೇಲೆ ಪಟ್ಟ ಪಾಡೆಲ್ಲ ಮುಖದ ಮೇಲೆ ಕಾಣುತ್ತದೆ. ಮರೆತುಬಿಡು ಅಂತ ಮನಸ್ಸಿಗೆ ಒತ್ತಾಯ ಮಾಡುತ್ತೇನೆ, ಅದು ಮಾತ್ರ ಹಿಂದಿನ ದಿನಗಳಲ್ಲೇ ಸುತ್ತುತ್ತದೆ. ನೀನಿಲ್ಲದ ನೋವು ಎಷ್ಟಿದೆ ಅಂದರೆ, ಎದ್ದಿರುವುದಕ್ಕಿಂತ ನಿದ್ದೆಯಲ್ಲಿರುವುದೇ ವಾಸಿ. ಇಲ್ಲಿವರೆಗೆ ಇದು ಬಿಟ್ಟುಹೋದ ಪ್ರೇಮಿಯ ಹಾಡೇ ಅನ್ನಿಸುತ್ತದೆ. ‘ಬೀಳ್ಕೊಡುಗೆ’ ಅನ್ನುವ ಮಾತಿದೆ, ಸಾವಿನ ಮಾತಿಲ್ಲ.

ಪಲ್ಲವಿಗೆ ಬಂದಾಗ ವಿಷಯ ಗೊತ್ತಾಗುತ್ತದೆ. ನೀನು ಬದುಕಿರಬೇಕಿತ್ತು, ನಿನ್ನ ಪುಟ್ಟ ಕಣ್ಣು ಎಂದೂ ಮುಚ್ಚಬಾರದಿತ್ತು, ನಾನು ನೋಡುತ್ತಲೇ ಇರಬೇಕಿತ್ತು ಅನ್ನುತ್ತಾರೆ. ಇಂದಲ್ಲ ನಾಳೆ ನಿನ್ನ ಹತ್ತಿರ ಬರುತ್ತೇನೆ, ನಮ್ಮ ಪ್ರೀತಿ ಮುಂದುವರಿಯುತ್ತದೆ ಅಂತ ಪಲ್ಲವಿ ಮುಗಿಯುತ್ತದೆ. ಎರಡನೇ ಚರಣದಲ್ಲಿ ಸಮಾಧಿಯ ಮಾತು ನೇರವಾಗಿ ಬರುತ್ತದೆ. ನಾನಿರುವ ಕತ್ತಲೆಯ ಒಂಟಿತನ, ನಿನ್ನ ಗೋರಿಯ ಒಂಟಿತನ, ಎರಡೂ ಒಂದೇ ಅಂತ.

ಮೆಕ್ಸಿಕೊದ ರಾಂಚೆರಾ ಹಾಡುಗಳಲ್ಲಿ, ಅಂದರೆ ಅಲ್ಲಿನ ಹಳ್ಳಿ ಸೊಗಡಿನ ಜನಪ್ರಿಯ ಹಾಡುಗಳಲ್ಲಿ, ಪ್ರೀತಿ ಕಳೆದುಕೊಂಡವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಕುಡಿಯುತ್ತಾನೆ, ಬೈಯುತ್ತಾನೆ, ವಾಪಸ್ ಬಾ ಅಂತ ಬೇಡುತ್ತಾನೆ, ನಿನ್ನಂಥವಳು ನನಗೆ ಬೇಡವೇ ಬೇಡ ಅಂತ ಎದೆ ತಟ್ಟುತ್ತಾನೆ. ಹೋದವರು ಎಲ್ಲೋ ಬದುಕಿರುತ್ತಾರೆ. ಅದಕ್ಕೇ ಜಗಳಕ್ಕೆ ಜಾಗ ಇರುತ್ತದೆ. ಈ ಹಾಡಿನಲ್ಲಿ ಅಂಥದ್ದು ಏನೂ ಇಲ್ಲ. ಹೋದವರ ಮೇಲೆ ಒಂದು ದೂರೂ ಇಲ್ಲ. ನನಗೆ ಇದು ದೊಡ್ಡ ಸುಳಿವು ಅನ್ನಿಸುತ್ತದೆ.

ಇನ್ನೊಂದು ವಿಷಯ. ಸ್ಪ್ಯಾನಿಶ್‌ನಲ್ಲಿ ಮಾತಾಡುವವರು ಗಂಡೋ ಹೆಣ್ಣೋ ಅಂತ ಎಷ್ಟೋ ಕಡೆ ಗೊತ್ತಾಗಿಬಿಡುತ್ತದೆ. ನಿದ್ದೆಯ ಸಾಲನ್ನು ದುರ್ಕಾಲ್ ಹೆಣ್ಣಾಗಿ ಹಾಡುತ್ತಾರೆ, ಹುವಾನ್ ಗಾಬ್ರಿಯೆಲ್ ಗಂಡಾಗಿ ಹಾಡುತ್ತಾರೆ. ಆದರೆ ‘ನೀನು’ ಯಾರು, ಗಂಡೋ ಹೆಣ್ಣೋ, ಅಂತ ಇಡೀ ಹಾಡಿನಲ್ಲಿ ಎಲ್ಲೂ ಗೊತ್ತಾಗುವುದಿಲ್ಲ. ಹಾಗಾಗಿ ಗಂಡ, ಹೆಂಡತಿ, ಅಮ್ಮ, ಅಪ್ಪ, ಮಗು ಯಾರನ್ನು ನೆನೆದು ಹಾಡಿದರೂ ಒಂದಕ್ಷರ ಬದಲಾಯಿಸಬೇಕಿಲ್ಲ.

ಗಡಿಊರು

ನಾನು ಟೆಕ್ಸಸ್‌ನ ಗಡಿಯಲ್ಲಿರುವ ಎಲ್ ಪಾಸೊದಲ್ಲಿದ್ದೇನೆ. ನದಿ ದಾಟಿದರೆ ಮೆಕ್ಸಿಕೊದ ಹುವಾರೆಸ್ ಪಟ್ಟಣ. ಹುವಾನ್ ಗಾಬ್ರಿಯೆಲ್ ಬೆಳೆದ ಊರು ಅದು. ಈ ಹಾಡು ಅಮ್ಮನದು ಅಂತ ಇಲ್ಲಿ ಬಹುಪಾಲು ಜನ ಹೇಳುತ್ತಾರೆ. ಯಾಕೆ ಅಂತ ತಿಳಿಯಬೇಕಾದರೆ ಅವರ ಕಥೆ ಸ್ವಲ್ಪ ಗೊತ್ತಿರಬೇಕು.

ಅವರ ನಿಜವಾದ ಹೆಸರು ಅಲ್ಬೆರ್ತೊ ಆಗಿಲೆರಾ ವಲಾದೆಸ್. ಹುಟ್ಟಿದ್ದು 1950ರ ಜನವರಿ 7ರಂದು, ಮಿಚೊವಾಕಾನ್ ರಾಜ್ಯದ ಪಾರಾಕ್ವಾರೊದಲ್ಲಿ. ಮನೆಯ ಕೊನೆಯ ಮಗು. ಅಪ್ಪ ಗಾಬ್ರಿಯೆಲ್ ಬೇಸಾಯಗಾರ. ಒಮ್ಮೆ ಅವರು ಹೊಲದಲ್ಲಿ ಹಚ್ಚಿದ ಬೆಂಕಿ ಕೈಮೀರಿ ಅಕ್ಕಪಕ್ಕಕ್ಕೆ ಹಬ್ಬಿತು. ಆ ಆಘಾತಕ್ಕೆ ಅವರ ಮನಸ್ಸು ಕದಡಿ ಹೋಯಿತು. ಮೆಕ್ಸಿಕೊ ನಗರದ ಲಾ ಕಾಸ್ತನ್ಯೆದಾ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತಾಯಿ ವಿಕ್ತೋರಿಯಾ ಮಕ್ಕಳನ್ನು ಕಟ್ಟಿಕೊಂಡು ಈ ಗಡಿಯ ಊರಿಗೆ ಬಂದು ಮನೆಗೆಲಸಕ್ಕೆ ನಿಂತರು. ಕೂಲಿ ಮಾಡುತ್ತಾ ಚಿಕ್ಕವನನ್ನು ನೋಡಿಕೊಳ್ಳಲು ಆಗಲಿಲ್ಲ. ಐದು ವರ್ಷದ ಹುಡುಗನನ್ನು ಒಂದು ಸರ್ಕಾರಿ ಬಾಲಗೃಹಕ್ಕೆ ಸೇರಿಸಿದರು. ಅವನು ಅಲ್ಲಿಂದ ಹೊರಬಂದದ್ದು ಹದಿಮೂರನೇ ವಯಸ್ಸಿನಲ್ಲಿ, ತಪ್ಪಿಸಿಕೊಂಡು.

ಅಂದರೆ ಅಮ್ಮ ಅದೇ ಊರಲ್ಲಿದ್ದಾರೆ, ಆದರೆ ಅಮ್ಮನ ಜೊತೆ ಇಲ್ಲ. ಬಾಲ್ಯವೆಲ್ಲ ಹೀಗೆ ಕಳೆಯಿತು. ಆ ಬಾಲಗೃಹದಲ್ಲಿ ಹುವಾನ್ ಕೊಂತ್ರೆರಾಸ್ ಎಂಬ ಮೇಷ್ಟ್ರು ತಗಡಿನ ಕೆಲಸ ಕಲಿಸಿದರು, ಸಂಗೀತವನ್ನೂ ಕಲಿಸಿದರು. ಮುಂದೆ ಹುಡುಗ ತನಗೊಂದು ಹೆಸರು ಇಟ್ಟುಕೊಳ್ಳುವಾಗ ಮೇಷ್ಟ್ರಿಂದ ‘ಹುವಾನ್’ ತೆಗೆದುಕೊಂಡ, ಅಪ್ಪನಿಂದ ‘ಗಾಬ್ರಿಯೆಲ್’ ತೆಗೆದುಕೊಂಡ.

ಹುವಾರೆಸ್‌ನ ನೊವಾ ನೊವಾ ಎಂಬ ಬಾರಿನಲ್ಲಿ ಹಾಡುತ್ತಾ ಬೆಳೆದರು. ಅವಕಾಶ ಹುಡುಕಿಕೊಂಡು ರಾಜಧಾನಿಗೆ ಹೋದಾಗ ಕಳ್ಳತನದ ಸುಳ್ಳು ಆರೋಪ ಬಂದು ಲೆಕುಂಬೆರಿ ಜೈಲು ಸೇರಿದರು. ಸುಮಾರು ಒಂದೂವರೆ ವರ್ಷ ಅಲ್ಲಿದ್ದರು. ‘ಲಾ ಪ್ರಿಯೆತಾ ಲಿಂದಾ’ ಎಂದು ಹೆಸರಾದ ಗಾಯಕಿಯ ಸಹಾಯದಿಂದ ಹೊರಬಂದರು. 1971ರಲ್ಲಿ ಅವರ ಮೊದಲ ಹಾಡು ಗೆದ್ದಿತು. ಕೈಯಲ್ಲಿ ಹಣವಿಲ್ಲ, ಕೊಡಲು ಪ್ರೀತಿ ಮಾತ್ರ ಇದೆ ಅನ್ನುವ ಹುಡುಗನ ಹಾಡು ಅದು.

1974ರ ಡಿಸೆಂಬರ್ 27ರಂದು ತಾಯಿ ತೀರಿಕೊಂಡರು. ಆ ಸುದ್ದಿ ತಲುಪುವಾಗ ಮಗ ಕಾರ್ಯಕ್ರಮಕ್ಕೆಂದು ಅಕಾಪುಲ್ಕೊದಲ್ಲಿದ್ದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಎರಡನೇ ಚರಣದ ಕೊನೆಯ ಸಾಲಿನಲ್ಲಿ ಆ ಊರು ಬರುವುದಕ್ಕೆ ಇದೇ ಕಾರಣವಂತೆ.

ಹಳೆರೇಡಿಯೊ

ಗಡಿಊರು ಅವರೇ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಎರಡನೇ ಚರಣದ ಒಂದು ಸಾಲು ಬೇರೆಯೇ ಆಗಿ ಕೇಳಿಸಿತು. ನನ್ನ ಮನಸ್ಸಾಕ್ಷಿ ನೆಮ್ಮದಿಯಾಗಿದೆ, ಆದರೂ ನಿನಗೋಸ್ಕರ ಇನ್ನೂ ಜಾಸ್ತಿ ಮಾಡಬಹುದಿತ್ತು ಅಂತ ಗೊತ್ತು ಅನ್ನುವ ಸಾಲು.

1971ರಲ್ಲಿ ಕೈಗೆ ಕಾಸು ಬಂತು. 1974ರ ಕೊನೆಗೆ ತಾಯಿ ಇಲ್ಲ. ನಡುವೆ ಸಿಕ್ಕಿದ್ದು ಮೂರು ಚಿಲ್ಲರೆ ವರ್ಷ. ಅದರಲ್ಲೂ ಹೊಸದಾಗಿ ಹೆಸರು ಬಂದ ಗಾಯಕ ಅಂದರೆ ಇವತ್ತು ಈ ಊರು, ನಾಳೆ ಆ ಊರು. ಬಡತನ ಕಂಡ ಮನೆಯ ಮಕ್ಕಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ದುಡಿದು ಅಪ್ಪ ಅಮ್ಮನಿಗೆ ಏನಾದರೂ ಮಾಡೋಣ ಅನ್ನುವಷ್ಟರಲ್ಲಿ ಅವರು ಹೊರಟಿರುತ್ತಾರೆ. ಪ್ರೇಮಿಯನ್ನು ಕಳೆದುಕೊಂಡವರು ಹೀಗೆ ಹೇಳುವುದು ನಾನು ಕೇಳಿಲ್ಲ. ಹೆತ್ತವರನ್ನು ಕಳೆದುಕೊಂಡ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತು ಇದು.

ನನ್ನ ಮಟ್ಟಿಗೆ ಇಡೀ ಹಾಡಿನ ಜೀವ ಈ ಸಾಲಿನಲ್ಲಿದೆ. ಪಲ್ಲವಿ ಎಷ್ಟು ಚೆಂದ ಇದ್ದರೂ ಅಂಥ ಪಲ್ಲವಿ ಬೇರೆ ಹಾಡುಗಳಲ್ಲೂ ಸಿಗಬಹುದು. ಈ ಸಾಲು ಸಿಗುವುದಿಲ್ಲ.

ಚಿಕ್ಕಮೆಣಸು

ಎಲ್ಲವನ್ನೂ ಓದಿದೆ. ಅಮ್ಮನ ಕಥೆ ನನಗೂ ಕಣ್ಣೀರು ತರಿಸಿತು. ಆದರೆ ಒಂದು ತಕರಾರು ಇದೆ. ಬರೆದವರ ಬದುಕಿನ ಕಥೆಯನ್ನು ಹಾಡಿನ ಮೇಲೆ ಹೀಗೆ ಹೊದಿಸಿದರೆ ಹಾಡು ಚಿಕ್ಕದಾಗುತ್ತದೆ ಅಲ್ವಾ?

1984ರಲ್ಲಿ ಹಾಡು ಹೊರಬಂದಾಗ ಜನ ಕೇಳಿದ್ದು ಒಬ್ಬ ಹೆಂಗಸಿನ ದನಿ. ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ದುರ್ಕಾಲ್ ಸ್ಪೇನಿನ ಸಿನಿಮಾಗಳಲ್ಲಿ ಚಿಕ್ಕ ವಯಸ್ಸಿಗೇ ಹೆಸರು ಮಾಡಿದವರು. 1977ರಿಂದ ಹುವಾನ್ ಗಾಬ್ರಿಯೆಲ್ ಬರೆದ ರಾಂಚೆರಾಗಳನ್ನು ಆಲ್ಬಂ ಮೇಲೆ ಆಲ್ಬಂ ಹಾಡಿದರು. ಆ ಆಲ್ಬಂಗಳಲ್ಲಿ ಉಳಿದ ಹಾಡುಗಳೆಲ್ಲ ಹೆಚ್ಚುಕಡಿಮೆ ಗಂಡು ಹೆಣ್ಣಿನ ಪ್ರೀತಿ, ವಿರಸದ ಹಾಡುಗಳೇ. ಆ ಸಾಲಿನಲ್ಲಿ ಈ ಹಾಡು ಬಂದಾಗ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಹಾಡುತ್ತಿದ್ದಾಳೆ ಅಂತ ಎಷ್ಟೋ ಜನ ತಿಳಿದಿರಬೇಕು. ಅದು ಹೇಗೆ ತಪ್ಪಾಗುತ್ತದೆ? ಬರೆದವರ ಅಮ್ಮನ ಬಗ್ಗೆ ಏನೂ ಗೊತ್ತಿಲ್ಲದ ವಿಧವೆಗೆ ಇದು ಪೂರ್ತಿ ಅವಳದೇ ಹಾಡು.

ಹಳೆರೇಡಿಯೊ ಸರ್ ಹೇಳಿದ ‘ಇನ್ನೂ ಜಾಸ್ತಿ ಮಾಡಬಹುದಿತ್ತು’ ಅನ್ನುವ ಮಾತನ್ನು ಕಾಯಿಲೆಯ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡ ಹೆಂಡತಿಯೂ ಹೇಳುತ್ತಾಳೆ. ಹೆತ್ತವರಿಗೆ ಮಾತ್ರ ಸೇರಿದ ಮಾತಲ್ಲ ಅದು. ‘ನಮ್ಮ ಪ್ರೀತಿ ಮುಂದುವರಿಯಲಿ’ ಅನ್ನುವುದು ಕೂಡ ಇಬ್ಬರು ಸಮಾನರ ನಡುವಿನ ಮಾತು ಅಂತ ನನಗೆ ಅನ್ನಿಸುತ್ತದೆ.

ಹಳೆರೇಡಿಯೊ

ಹೆಂಡತಿಯೂ ಹೇಳುತ್ತಾಳೆ, ನಿಜ ತಂಗಿ. ಒಪ್ಪಿದೆ. ಆದರೆ ‘ಸಮಾನರ ನಡುವಿನ ಮಾತು’ ಅಂದಿರಲ್ಲ, ಅದು ನನಗೆ ಹಿಡಿಸಲಿಲ್ಲ. ಬಾಲಗೃಹದಲ್ಲಿ ಬೆಳೆದ ಹುಡುಗನಿಗೆ ಅಮ್ಮನ ಪ್ರೀತಿ ಸುಮ್ನೆ ಸಿಕ್ಕಿದ್ದಲ್ಲ. ಕಾದು ಕಾದು ಸಿಕ್ಕಿದ್ದು. ನಡುವೆ ಕಡಿದುಹೋದದ್ದನ್ನು ‘ಮುಂದುವರಿಸೋಣ’ ಅಂತ ಅವನು ಹೇಳಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಕೆರೆಏರಿ

ನಾನು ಹೆಚ್ಚಾಗಿ ಓದುವವಳು, ಬರೆಯುವುದು ಕಡಿಮೆ. ಕನ್ನಡಿಯ ಸಾಲಿನ ಬಗ್ಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ ಅಂತ ಇದೆಯಲ್ಲ, ವಯಸ್ಸಾಗುತ್ತಾ ಮಕ್ಕಳ ಮುಖದಲ್ಲಿ ತಾಯಿಯ ಮುಖ ಮೂಡುತ್ತದೆ. ಕಣ್ಣಿನ ದುಃಖ ನೀನೇ ಅನ್ನುವ ಮಾತೂ ಅದರ ಹಿಂದೆಯೇ ಇದೆ. ಅವನಿಗೆ ಕನ್ನಡಿಯಲ್ಲಿ ಅಮ್ಮ ಕಾಣುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತದೆ.

ತಂತಿಮನೆ

ಕೆರೆಏರಿಯವರೇ, ಕಲ್ಪನೆ ತುಂಬಾ ಚೆಂದ ಇದೆ. ಆದರೆ ಮೂಲ ಸಾಲು ಅಷ್ಟಕ್ಕೆ ಎಡೆ ಕೊಡುವುದಿಲ್ಲ. ಕನ್ನಡಿಯಲ್ಲಿ ಕಾಣುವುದು ಏನು ಅಂತ ಅಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. ನೀನು ಹೋದಾಗಿನಿಂದ ನಾನು ನರಳಿದ ಕಾಲ. ಸುಕ್ಕು, ಕಣ್ಣ ಕೆಳಗಿನ ಕಪ್ಪು, ಅಂಥದ್ದು. ಅಮ್ಮನ ಮುಖ ಅಂತ ಕೇಳುವವರು ಸೇರಿಸಿಕೊಳ್ಳಬಹುದು, ಹಾಡು ಬೇಡ ಅನ್ನುವುದಿಲ್ಲ. ಆದರೆ ಅದು ಹಾಡಿನಲ್ಲಿ ಇದೆ ಅಂತ ಹೇಳಿದರೆ ಹಾಡಿಗೆ ಇಲ್ಲದ್ದನ್ನು ಕೊಟ್ಟಂತಾಗುತ್ತದೆ.

ಚಿಕ್ಕಮೆಣಸು ಎತ್ತಿದ ತಕರಾರಿಗೂ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಯಾರಿಗಾಗಿ ಬರೆದದ್ದು ಅನ್ನುವುದು ಒಂದು ಪ್ರಶ್ನೆ. ಯಾರಿಗೆಲ್ಲ ಸಲ್ಲುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಅಮ್ಮ ಅನ್ನುವ ಉತ್ತರವೇ ಗಟ್ಟಿ ಅಂತ ನಾನು ತಿಳಿದಿದ್ದೇನೆ. ಅಭಿಮಾನಿಗಳ ನಡುವೆ ಬೇರೆ ಕಥೆಗಳೂ ಓಡಾಡುತ್ತವೆ, ಆದರೆ ಊರು, ಸಾವು, ಆ ಪಶ್ಚಾತ್ತಾಪ, ಮೂರೂ ಒಟ್ಟಿಗೆ ಕೂಡುವುದು ತಾಯಿಯ ವಿಷಯದಲ್ಲಿ. ಎರಡನೆಯ ಪ್ರಶ್ನೆಗೆ ಉತ್ತರ ಕೇಳುವವರ ಕೈಯಲ್ಲಿದೆ. ಬರೆದವರು ಬೇಕೆಂದೇ ‘ಅಮ್ಮ’ ಅನ್ನುವ ಮಾತನ್ನು ಹೊರಗಿಟ್ಟಿದ್ದಾರೆ. ಅದನ್ನು ಹಾಕಿದ್ದರೆ ವಿಧವೆಗೆ ಹಾಡು ಸಿಗುತ್ತಿರಲಿಲ್ಲ.

ನದಿದಂಡೆ

ಇಷ್ಟು ಬೇಗ ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಅಕಾಪುಲ್ಕೊ ಬಗ್ಗೆ ಇನ್ನೊಂದು ಪ್ರಶ್ನೆ. ಅದು ಅವರ ಸ್ವಂತ ನೆನಪು ಅಂತ ಈಗ ಗೊತ್ತಾಯಿತು. ಆದರೆ ‘ಅಮ್ಮ’ ಅನ್ನುವ ಮಾತನ್ನೇ ಹೊರಗಿಟ್ಟವರು ಆ ಊರಿನ ಹೆಸರನ್ನು ಯಾಕೆ ಉಳಿಸಿಕೊಂಡರು? ಅದನ್ನೂ ತೆಗೆದುಬಿಟ್ಟಿದ್ದರೆ ಹಾಡು ಇನ್ನೂ ಹೆಚ್ಚು ಜನರದಾಗುತ್ತಿತ್ತಲ್ಲ?

ಗಡಿಊರು

ಆ ಕಾಲದ ಮೆಕ್ಸಿಕೊದವರಿಗೆ ಅಕಾಪುಲ್ಕೊ ಅಂದರೆ ಏನು ಅಂತ ತಿಳಿದರೆ ಉತ್ತರ ಸಿಗುತ್ತದೆ. ಗೆರೆರೊ ರಾಜ್ಯದ ಪೆಸಿಫಿಕ್ ಕರಾವಳಿಯ ಊರು. ಸುತ್ತ ಗುಡ್ಡ, ನಡುವೆ ಅರ್ಧಚಂದ್ರದ ಹಾಗೆ ಕೊಲ್ಲಿ. 1950ರ ದಶಕದಿಂದ ಸಿನಿಮಾ ತಾರೆಯರು, ಶ್ರೀಮಂತರು ರಜೆಗೆ ಬರುವ ಜಾಗ. ಮದುವೆಯಾದ ಹೊಸ ಜೋಡಿಗಳು ಹೋಗುವ ಜಾಗ. ಹೋಟೆಲು, ಸಮುದ್ರ, ರಾತ್ರಿ ಸಂಗೀತ. ಮೆಕ್ಸಿಕೊದವರನ್ನು ಅಕಾಪುಲ್ಕೊ ನೆನಪೇನು ಅಂತ ಕೇಳಿದರೆ ಸಂತೋಷದ್ದನ್ನೇ ಹೇಳುತ್ತಾರೆ. ಈ ಹಾಡಿನಲ್ಲಿ ಮಾತ್ರ ಅಲ್ಲಿಂದ ಬಂದದ್ದು ಬದುಕಿನ ಅತಿ ದುಃಖದ ನೆನಪು.

ಎಲ್ಲರೂ ನಗುತ್ತಿರುವ ಊರಲ್ಲಿ ಒಬ್ಬನಿಗೆ ಸಾವಿನ ಸುದ್ದಿ ಬರುತ್ತದೆ. ಅಂದೇ ಸಂಜೆ ವೇದಿಕೆ ಹತ್ತಬೇಕಾದವನು ಅವನು ಅಂತಲೂ ಜನ ಹೇಳುವುದುಂಟು. ಯಾವುದೇ ವಿವರ ಹೇಳದೆ ಬರೀ ಊರಿನ ಹೆಸರು ಹೇಳಿ ಚರಣ ಮುಗಿಸುತ್ತಾರೆ. ನನಗೆ ಇದು ಈ ಹಾಡಿನ ದೊಡ್ಡ ಧೈರ್ಯ ಅನ್ನಿಸುತ್ತದೆ.

ಚಿಕ್ಕಮೆಣಸು

ಇದಕ್ಕೆ ನನ್ನ ಒಪ್ಪಿಗೆ ಇದೆ. ಊರಿನ ಹೆಸರು ಇಲ್ಲದಿದ್ದರೆ ಇದು ದುಃಖದ ಬಗ್ಗೆ ಬರೆದ ಒಂದು ಒಳ್ಳೆಯ ಹಾಡು ಮಾತ್ರ. ಹೆಸರು ಬಂದ ಕೂಡಲೇ ಇದು ಒಬ್ಬರ ಬದುಕಲ್ಲಿ ನಿಜವಾಗಿ ನಡೆದದ್ದು ಅಂತ ನಂಬಿಕೆ ಬರುತ್ತದೆ. ಸಾವಿನ ಸುದ್ದಿ ಕೇಳಿದಾಗ ನಾವು ಎಲ್ಲಿ ನಿಂತಿದ್ದೆವು ಅನ್ನುವುದು ಯಾರಿಗೂ ಮರೆಯುವುದಿಲ್ಲ. ಬಸ್ ನಿಲ್ದಾಣವೋ, ಆಫೀಸಿನ ಮೆಟ್ಟಿಲೋ. ಹಾಗಾಗಿ ಆ ಹೆಸರು ಕೇಳುವವರನ್ನು ಹೊರಗಿಡುವುದಿಲ್ಲ. ಅವರವರ ಜಾಗ ಅವರಿಗೆ ನೆನಪಾಗುತ್ತದೆ.

ಮೂಡಲಮನೆ

ಪಲ್ಲವಿಯ ಕೊನೆಯ ಮಾತು ನನಗೆ ಸ್ವಲ್ಪ ಭಯ ತರಿಸಿತು. ಬೇಗವೋ ತಡವೋ ನಿನ್ನ ಹತ್ತಿರ ಬರುತ್ತೇನೆ ಅಂದರೆ? ಎದ್ದಿರುವುದಕ್ಕಿಂತ ನಿದ್ದೆಯೇ ವಾಸಿ ಅನ್ನುವುದೂ ಇದೆ. ಬದುಕು ಬೇಡ ಅನ್ನುವ ಹಾಡಾ ಇದು? ದುಃಖದಲ್ಲಿರುವವರಿಗೆ ಇದನ್ನು ಕೇಳಿಸಬಹುದಾ ಅಂತ ಯೋಚನೆ ಬಂತು.

ಗಡಿಊರು

ಭಯ ಬೇಡ. ಇಲ್ಲಿನ ಜನ ಅದನ್ನು ಹಾಗೆ ತೆಗೆದುಕೊಳ್ಳುವುದಿಲ್ಲ. ಕ್ಯಾಥೊಲಿಕ್ ನಂಬಿಕೆಯಲ್ಲಿ ಸತ್ತವರನ್ನು ಮತ್ತೆ ನೋಡುತ್ತೇವೆ ಅನ್ನುವುದು ಭರವಸೆ. ಯಾವಾಗ ಅನ್ನುವುದು ನಮ್ಮ ಕೈಯಲ್ಲಿಲ್ಲ, ಆದ್ದರಿಂದ ‘ಬೇಗವೋ ತಡವೋ’. ಅವಸರದ ಮಾತೇ ಅಲ್ಲ ಅದು. ಮೆಕ್ಸಿಕೊದಲ್ಲಿ ಸತ್ತವರ ಜೊತೆ ಮಾತು ನಿಲ್ಲಿಸುವುದೂ ಇಲ್ಲ. ನವೆಂಬರ್ 1 ಮತ್ತು 2ರಂದು ಮನೆಯಲ್ಲಿ ಅವರ ಫೋಟೊ ಇಟ್ಟು, ಚೆಂಡುಹೂ ಹಾಕಿ, ಅವರಿಗೆ ಇಷ್ಟವಾದ ತಿಂಡಿ ಎಡೆ ಇಡುತ್ತಾರೆ. ನಮ್ಮ ಪಿತೃಪಕ್ಷದ ಎಡೆ ನೋಡಿದವರಿಗೆ ಇದು ಹೊಸದೇನೂ ಅಲ್ಲ.

ಮೇ 10ರ ವಿಷಯ ನದಿದಂಡೆಯವರು ಮೊದಲೇ ಹೇಳಿದ್ದಾರೆ. ಅಲ್ಲಿ ತಾಯಂದಿರ ದಿನ ಯಾವ ವಾರ ಬಂದರೂ ಮೇ 10ಕ್ಕೇ, 1922ರಿಂದ ಹಾಗೇ ನಡೆದು ಬಂದಿದೆ. ತಾಯಿ ಬದುಕಿದ್ದರೆ ಬೆಳಗಾಗುವ ಮೊದಲೇ ಕಿಟಕಿಯ ಹೊರಗೆ ನಿಂತು ಹಾಡುತ್ತಾರೆ. ತೀರಿಕೊಂಡಿದ್ದರೆ ಹೂವು ತೆಗೆದುಕೊಂಡು ಸ್ಮಶಾನಕ್ಕೆ ಹೋಗುತ್ತಾರೆ. ಪಿಟೀಲು, ಗಿಟಾರು, ತುತ್ತೂರಿ ನುಡಿಸುತ್ತಾ ಹಾಡುವ ಮಾರಿಯಾಚಿ ತಂಡಗಳು ಗೋರಿಯಿಂದ ಗೋರಿಗೆ ಹೋಗಿ ಹಾಡುತ್ತವೆ. ಅಂದು ಜನ ಕೇಳಿ ಹಾಡಿಸುವ ಹಾಡು ಇದು. ಅಳುತ್ತಾರೆ, ಆಮೇಲೆ ಅಲ್ಲೇ ಕೂತು ಊಟ ಮಾಡುತ್ತಾರೆ.

ಇನ್ನೊಂದು ಹೇಳಲೇಬೇಕು. 2019ರ ಆಗಸ್ಟ್ 3ರಂದು ನಮ್ಮ ಊರಿನ ಅಂಗಡಿಯೊಂದರಲ್ಲಿ ಬಂದೂಕುಧಾರಿಯೊಬ್ಬ ಜನರ ಮೇಲೆ ಗುಂಡು ಹಾರಿಸಿದ. 23 ಜನ ಸತ್ತರು. ಹೆಚ್ಚಿನವರು ಮೆಕ್ಸಿಕೊ ಮೂಲದವರು. ಕೆಲವರು ನದಿಯಾಚೆಯಿಂದ ಸಾಮಾನು ಕೊಳ್ಳಲು ಬಂದಿದ್ದವರು. ಆ ವಾರದ ಶ್ರದ್ಧಾಂಜಲಿ ಸಭೆಗಳಲ್ಲಿ ಮಾರಿಯಾಚಿಗಳು ಹಾಡಿದ್ದು ಇದನ್ನೇ. ಸತ್ತವರಲ್ಲಿ ಅಜ್ಜಂದಿರಿದ್ದರು, ತಂದೆ ತಾಯಂದಿರಿದ್ದರು, ಹದಿಹರೆಯದ ಹುಡುಗನಿದ್ದ. ಎಲ್ಲರಿಗೂ ಒಂದೇ ಹಾಡು ಸಾಕಾಯಿತು. ತಂತಿಮನೆಯವರು ‘ನೀನು’ ಯಾರು ಅಂತ ಎಲ್ಲೂ ಗೊತ್ತಾಗುವುದಿಲ್ಲ ಅಂದರಲ್ಲ, ಅದರ ಬೆಲೆ ಏನು ಅಂತ ಆ ವಾರ ಕಣ್ಣಾರೆ ಕಂಡೆವು.

ಹಳೆರೇಡಿಯೊ

ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಮ್ಮ ಧಾರವಾಡದ ಕಡೆ ಹಳ್ಳಿಗಳಲ್ಲಿ ಹೆಣದ ಮುಂದೆ ಕೂತ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ‘ನೀನು’ ಅಂತಲೇ ಕರೆದು, ನೀ ಹಿಂಗ ಮಾಡಿದಿ, ನಾ ನಿನಗ ಇಷ್ಟ ಮಾಡಬೇಕಿತ್ತು, ಅಂತ ಸಾಲು ಕಟ್ಟುತ್ತಾರೆ. ಅಳು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಹೇಳಲು ಆಗುವುದಿಲ್ಲ. ಮೂಡಲಮನೆಯವರೇ, ದುಃಖದಲ್ಲಿರುವವರಿಗೆ ಕೇಳಿಸಬಹುದಾ ಅಂತ ಕೇಳಿದಿರಿ. ಅತ್ತು ಮುಗಿಸಲು ಮಾತು ಸಿಗದೆ ಒದ್ದಾಡುವವರೇ ಜಾಸ್ತಿ. ಅವರಿಗೆ ಇಂಥ ಹಾಡು ಬೇಕು ಅಂತ ನಾನು ನಂಬುತ್ತೇನೆ.

ಕೆರೆಏರಿ

ತಂತಿಮನೆ ಸರ್, ಕನ್ನಡಿಯ ವಿಷಯ ಬಿಡಿ. ‘ಪುಟ್ಟ ಕಣ್ಣು’ ಅನ್ನುವುದರ ಬಗ್ಗೆ ಏನು ಹೇಳುತ್ತೀರಿ? ಅಮ್ಮನ ಕಣ್ಣನ್ನು ಮಗ ‘ಪುಟ್ಟ ಕಣ್ಣು’ ಅನ್ನುತ್ತಾನಾ? ನನಗೆ ಅದು ಮಗುವಿನ ಕಣ್ಣಿನ ಹಾಗೆ ಕೇಳಿಸಿತು.

ತಂತಿಮನೆ

ಮೆಕ್ಸಿಕೊದ ಮಾತಿನಲ್ಲಿ ಮುದ್ದು ಬಂದಾಗಲೆಲ್ಲ ಹೀಗೆ ‘ಪುಟ್ಟ’ ಅನ್ನುವ ಅರ್ಥ ಸೇರಿಸಿ ಹೇಳುತ್ತಾರೆ. ಅಜ್ಜಿಯನ್ನೂ ಹಾಗೆ ಕರೆಯುತ್ತಾರೆ, ಕಾಫಿಯನ್ನೂ ಹಾಗೆ ಕರೆಯುತ್ತಾರೆ. ಗಾತ್ರದ ಮಾತಲ್ಲ. ಆದರೆ ನೀವು ಹೇಳಿದ್ದರಲ್ಲೂ ಹುರುಳಿದೆ. ಮಗುವನ್ನು ಕಳೆದುಕೊಂಡ ತಂದೆ ತಾಯಿ ಆ ಸಾಲಿಗೆ ಬಂದಾಗ ಬೇರೆ ಯಾರಿಗೂ ಕೇಳದ ಹಾಗೆ ಅದು ಅವರಿಗೆ ಕೇಳುತ್ತದೆ.

ಚಿಕ್ಕಮೆಣಸು

ನನಗೆ ಇನ್ನೂ ಒಪ್ಪಿಗೆಯಾಗದ ಒಂದು ಇದೆ. ‘ಮನಸ್ಸಾಕ್ಷಿ ನೆಮ್ಮದಿಯಾಗಿದೆ’ ಅನ್ನುವುದು. ಅದೇ ಉಸಿರಿನಲ್ಲಿ ‘ಇನ್ನೂ ಮಾಡಬಹುದಿತ್ತು’ ಅಂದಮೇಲೆ ನೆಮ್ಮದಿ ಎಲ್ಲಿ ಬಂತು? ಅವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಅದು. ಪೂರ್ತಿ ನಿಜವಲ್ಲ.

ಹಳೆರೇಡಿಯೊ

ಎರಡೂ ನಿಜ ಇರಬಹುದಲ್ಲ? ಅಮ್ಮನಿಗೆ ಕೆಟ್ಟದ್ದು ಮಾಡಿಲ್ಲ, ಆದ್ದರಿಂದ ಮನಸ್ಸಾಕ್ಷಿ ಚುಚ್ಚುವುದಿಲ್ಲ. ಆದರೆ ಬೇಕಾದಷ್ಟು ಮಾಡಲು ಆಗಲಿಲ್ಲ, ಆದ್ದರಿಂದ ಮನಸ್ಸು ತುಂಬುವುದಿಲ್ಲ. ತಪ್ಪು ಮಾಡಿದವನಿಗೆ ಕ್ಷಮೆ ಕೇಳುವ ದಾರಿಯಾದರೂ ಇರುತ್ತದೆ. ಕೊಡುವುದು ಬಾಕಿ ಉಳಿಸಿಕೊಂಡವನಿಗೆ ಅದೂ ಇಲ್ಲ.

ಚಿಕ್ಕಮೆಣಸು

ಸರ್, ಅದು ನೀವು ಕೇಳಿಸಿಕೊಂಡ ರೀತಿ. ನನಗೆ ಅಲ್ಲಿ ಸಮಾಧಾನ ಕಾಣುವುದಿಲ್ಲ. ಹಾಡಿನ ಆರಂಭದಿಂದ ‘ಮರೆಯಲು ಒತ್ತಾಯ ಮಾಡುತ್ತೇನೆ’ ಅನ್ನುತ್ತಾರೆ, ಅದೂ ಆಗುವುದಿಲ್ಲ. ನೆಮ್ಮದಿ ಅನ್ನುವುದೂ ಅಂಥದ್ದೇ ಒಂದು ಒತ್ತಾಯ. ಇಲ್ಲಿ ನಾವಿಬ್ಬರೂ ಒಂದಾಗುವುದು ಕಷ್ಟ, ಇರಲಿ.

ಗಡಿಊರು

ಇಬ್ಬರ ಮಾತಿಗೂ ಸೇರಿಸಿ ಒಂದು ವಿಷಯ. ತಾಯಿ ಮನೆಗೆಲಸ ಮಾಡುತ್ತಿದ್ದ ಹುವಾರೆಸ್‌ನ ದೊಡ್ಡ ಮನೆಯನ್ನೇ ಹುವಾನ್ ಗಾಬ್ರಿಯೆಲ್ ಕೊಂಡರು. ಊರಿನ ನಡುವಿನ ರಸ್ತೆಯಲ್ಲಿದೆ. 1987ರಲ್ಲಿ ಅದೇ ಊರಲ್ಲಿ ಸೆಮ್ಹಾಸೆ ಎಂಬ ಹೆಸರಿನಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಮನೆ ತೆರೆದರು. ಅಲ್ಲಿ ಮಕ್ಕಳಿಗೆ ಸಂಗೀತವನ್ನೂ ಕಲಿಸುತ್ತಿದ್ದರು. ಅಮ್ಮನಿಗೆ ಮಾಡಲಾಗದ್ದನ್ನು ಹೀಗೆ ಮಾಡಿದರು ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. 2016ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಅವರು ತೀರಿಕೊಂಡಾಗ ಚಿತಾಭಸ್ಮವನ್ನು ಆ ಮನೆಗೇ ತಂದರು. ಆಮೇಲೆ ಮೆಕ್ಸಿಕೊ ನಗರದ ಬೆಯಾಸ್ ಆರ್ತೆಸ್ ಎಂಬ ದೊಡ್ಡ ಕಲಾಭವನದಲ್ಲಿ ದರ್ಶನಕ್ಕೆ ಇಟ್ಟಾಗ ಜನ ಉದ್ದ ಸಾಲಿನಲ್ಲಿ ನಿಂತು ಅವರದೇ ಹಾಡುಗಳನ್ನು ಹಾಡಿದರು.

ನದಿದಂಡೆ

ಕೊನೆಯದಾಗಿ ಒಂದು ಸಹಾಯ. ಯಾರ ದನಿಯಲ್ಲಿ ಕೇಳಲಿ? ಹಾಡಿದವರು ತುಂಬಾ ಜನ ಇದ್ದಾರೆ.

ತಂತಿಮನೆ

ಮೊದಲು ದುರ್ಕಾಲ್, 1984ರದ್ದು. ಅವರು ಎಲ್ಲೂ ಅಳುವುದಿಲ್ಲ. ದನಿ ತಿಳಿಯಾಗಿದೆ, ಮಾತು ಸ್ಪಷ್ಟವಾಗಿದೆ. ಚರಣವನ್ನು ಮಾತಾಡಿದ ಹಾಗೆ ಕೆಳಗಿನ ಸ್ವರಗಳಲ್ಲಿ ಹೇಳಿ ಪಲ್ಲವಿಗೆ ಮೇಲೆ ಏರುತ್ತಾರೆ. ‘ನೀನು ಬದುಕಿರಬೇಕಿತ್ತು’ ಅನ್ನುವಲ್ಲಿ ದನಿ ಅಷ್ಟೂ ತೆರೆದುಕೊಳ್ಳುತ್ತದೆ. ಸಾಹಿತ್ಯ ಕಲಿಯುವವರಿಗೆ ಇದೇ ಒಳ್ಳೆಯದು. ದುರ್ಕಾಲ್, ಹುವಾನ್ ಗಾಬ್ರಿಯೆಲ್ ಇಬ್ಬರೂ ಮುಂದೆ ದೂರವಾಗಿ, ವರ್ಷಗಳ ನಂತರ 1997ರಲ್ಲಿ ಮತ್ತೆ ಒಂದು ಆಲ್ಬಂಗೆ ಜೊತೆಯಾದರು. ದುರ್ಕಾಲ್ 2006ರಲ್ಲಿ ತೀರಿಕೊಂಡರು.

ಆಮೇಲೆ 1990ರ ಮೇ ತಿಂಗಳಲ್ಲಿ ಹುವಾನ್ ಗಾಬ್ರಿಯೆಲ್ ಬೆಯಾಸ್ ಆರ್ತೆಸ್‌ನಲ್ಲಿ ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾ ಜೊತೆ ಹಾಡಿದ್ದನ್ನು ಕೇಳಿ. ಒಪೆರಾ ನಡೆಯುವ ಜಾಗದಲ್ಲಿ ಜನಪ್ರಿಯ ಗಾಯಕನಿಗೆ ಏನು ಕೆಲಸ ಅಂತ ಆಗ ದೊಡ್ಡ ವಿರೋಧ ಬಂದಿತ್ತು. ಆ ರಾತ್ರಿಗಳ ಧ್ವನಿಮುದ್ರಣ ಆಲ್ಬಂ ಆಗಿ ಬಂದಿದೆ. ಇಲ್ಲಿ ಹಾಡು ದುರ್ಕಾಲ್ ಅವರದ್ದಕ್ಕಿಂತ ನಿಧಾನ. ಸಾಲಿನ ಮಧ್ಯೆ ನಿಲ್ಲುತ್ತಾರೆ, ಎಳೆಯುತ್ತಾರೆ, ತಾಳವನ್ನು ತಮಗೆ ಬೇಕಾದ ಹಾಗೆ ಬಗ್ಗಿಸುತ್ತಾರೆ. ಹಾಡಲು ಕಲಿಯುವವರು ಇದನ್ನು ಅನುಸರಿಸಬೇಡಿ, ಹಿಡಿತ ತಪ್ಪುತ್ತದೆ. ಎರಡನೇ ಚರಣದ ಮನಸ್ಸಾಕ್ಷಿಯ ಸಾಲನ್ನು ಎರಡರಲ್ಲೂ ಒಂದಾದ ಮೇಲೊಂದು ಕೇಳಿ ನೋಡಿ. ನೆಮ್ಮದಿ ಇದೆಯೋ ಇಲ್ಲವೋ ಅನ್ನುವ ಜಗಳಕ್ಕೆ ದುರ್ಕಾಲ್ ಒಂದು ಉತ್ತರ ಕೊಡುತ್ತಾರೆ, ಹುವಾನ್ ಗಾಬ್ರಿಯೆಲ್ ಇನ್ನೊಂದು ಕೊಡುತ್ತಾರೆ. ಕೇಳಿದ ಮೇಲೆ ನಿಮಗೆ ಯಾವುದು ಅನ್ನಿಸಿತು ಅಂತ ಇಲ್ಲೇ ಬರೆಯಿರಿ.